ಅವನು ಬಿಟ್ಟುಹೋದ ಪಾಸ್‌ವರ್ಡ್

ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಇನ್ನೇನು ತಿರುವಿ ಹಾಕಬೇಕು... ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಗಂಡಸಿನ ದನಿ.

"ಆಲ್ಬಮ್ ಮಾಡೋ ದಾನೇಶ್ವರಿ ಅನ್ನೋರ ಮನಿ ಇದೇನ್ರಿ?"

ದಾನೇಶ್ವರಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಮುರಗೋಡದ ಆ ಓಣಿಯಲ್ಲಿ ಅವಳನ್ನು ಹುಡುಕಿಕೊಂಡು ಬರುವವರೆಂದರೆ ಫೋಟೋ ಸ್ಟುಡಿಯೋದವರು. ಮದುವೆಯ, ನಿಶ್ಚಯದ ಫೋಟೋಗಳನ್ನು ಕೊಟ್ಟುಹೋಗುತ್ತಾರೆ. ಅವಳು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಅವನ್ನೆಲ್ಲ ಆಲ್ಬಮ್ ಪುಟಗಳಾಗಿ ಜೋಡಿಸಿ ಕೊಡುತ್ತಾಳೆ. ಫೋಟೋ ತೆಗೆಯುತ್ತಿದ್ದ ಗಂಡ ಶ್ರೀಶೈಲ ಕಾಮಾಲೆಯಿಂದ ತೀರಿಕೊಂಡ ಮೇಲೆ ಅತ್ತೆ, ಮಗಳು, ತಾನು... ಮೂವರ ಬದುಕೂ ನಡೆದದ್ದು ಈ ಕೆಲಸದ ಮೇಲೆಯೇ.

ಆದರೆ ಬಾಗಿಲಲ್ಲಿದ್ದವನು ಸ್ಟುಡಿಯೋದವನಂತೆ ಕಾಣಲಿಲ್ಲ. ನಿದ್ದೆಗೆಟ್ಟ ಕಣ್ಣು ಕೆಂಪಾಗಿದ್ದವು. ಹೊಸ್ತಿಲ ಆಚೆಯೇ ನಿಂತು, ಮೊಬೈಲನ್ನು ಅವಳ ಮುಖದೆದುರು ಹಿಡಿದ.

ಪರದೆಯ ಮೇಲೆ ಒಬ್ಬ ಹುಡುಗಿ. ಮುಡಿ ತುಂಬ ಮಲ್ಲಿಗೆ, ನಾಚಿದ ಕಣ್ಣು. ಫೋಟೋದ ಸುತ್ತ ಇಳಕಲ್ ಸೆರಗಿನ ಕೆಂಪು ಗೋಪುರಗಳ ಸಾಲು.

ಆ ಅಂಚನ್ನು ದಾನೇಶ್ವರಿ ನೋಡಿದ ಕೂಡಲೇ ಗುರುತಿಸಿದಳು. ತನ್ನದೇ ಸೀರೆಯ ಸೆರಗನ್ನು ಹಾಸಿ, ಅದನ್ನು ನೋಡಿ ಒಂದೊಂದೇ ಗೋಪುರ ಬಿಡಿಸಿದ್ದಳು. ಇಂಥದ್ದು ಬೇರೆ ಯಾರ ಬಳಿಯೂ ಇಲ್ಲ.

"ಇದು ನಿಮ್ಮ ಕೈ ಕೆಲಸ ಹೌದಲ್ರಿ?"

"ಹೌದ್ರಿ. ಆದ್ರ ಇದನ್ನ ನಾ ಇನ್ನೂ ಸ್ಟುಡಿಯೋದವರಿಗೇ ಕೊಟ್ಟಿಲ್ಲ... ನಿಮ್ಮ ಫೋನಿನ್ಯಾಗ ಹೆಂಗ ಬಂತು?"

"ಅದನ್ನ ಕೇಳಾಕ ಬಂದೇನಿ."

ಅವನ ಹೆಸರು ವಿರೂಪಾಕ್ಷ. ಮನೋಳಿಯವನು, ಬೈಲಹೊಂಗಲದ ಬಜಾರಿನಲ್ಲಿ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಫೋಟೋದಲ್ಲಿರುವವಳು ಅವನ ತಂಗಿ ರಂಜನಾ. ಕಿತ್ತೂರಿನ ಮನೆತನಕ್ಕೆ ಅವಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಆ ನಿಶ್ಚಯದ ಆಲ್ಬಮ್ಮೇ ದಾನೇಶ್ವರಿಯ ಕೈಯಲ್ಲಿ ಇದ್ದದ್ದು. ಈಗ ನೋಡಿದರೆ ಅದೇ ಫೋಟೋ ವಧು-ವರರ ವಾಟ್ಸಾಪ್ ಗುಂಪುಗಳಲ್ಲಿ, 'ಕನ್ಯಾ ಐತಿ, ವರ ಇದ್ರ ಹೇಳ್ರಿ' ಎಂಬ ಮಾತಿನೊಂದಿಗೆ, ಕೈಯಿಂದ ಕೈಗೆ ದಾಟುತ್ತ ಬಂದು ರಂಜನಾಳ ಅತ್ತೆಯಾಗಬೇಕಾದ ಸುಂದರವ್ವನ ಫೋನಿಗೇ ಮುಟ್ಟಿತ್ತು!

ನಮ್ಮ ಹುಡುಗನ್ನ ಒಪ್ಪಿಕೊಂಡು ಬೇರೆ ವರ ಹುಡುಕುತ್ತೀರೇನು ಎಂದು ಸುಂದರವ್ವ ಮನೋಳಿಗೆ ಫೋನ್ ಮಾಡಿ ಕೇಳಿದ್ದಳು. ಅಮಾವಾಸ್ಯೆ ಕಳೆದ ಮೇಲೆ ಮದುವೆಯ ಜವಳಿ ತೆಗೆಯುವುದಿತ್ತು. ಇದು ಹೇಗಾಯಿತೆಂದು ಅಷ್ಟರೊಳಗೆ ಹೇಳದಿದ್ದರೆ ಸಂಬಂಧ ಮುರಿಯಿತೆಂದೇ ತಿಳಿಯಿರಿ ಎಂದಿದ್ದಳು. ರಂಜನಾ ಎರಡು ದಿನದಿಂದ ಊಟ ಬಿಟ್ಟಿದ್ದಳು.

ಹಿಂದೆ ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಾಗುತ್ತಿತ್ತು. ದಾನೇಶ್ವರಿಗೆ ಆ ವಾಸನೆಯೂ ತಿಳಿಯಲಿಲ್ಲ.

'ನನ್ನ ಕಂಪ್ಯೂಟರ್‌ನಿಂದ... ಒಬ್ಬ ಹುಡುಗಿಯ ಬಾಳು...'

"ನನ್ನ ಕಂಪ್ಯೂಟರ್ ಯಾರೂ ಮುಟ್ಟಂಗಿಲ್ರಿ," ಎಂದಳು. "ಪಾಸ್‌ವರ್ಡ್ ಐತಿ."

ದೇವರ ಮನೆಯಿಂದ ವಿಭೂತಿ ಹಚ್ಚಿಕೊಂಡು ಹೊರಬಂದ ಅತ್ತೆ ಸಿದ್ದಲಿಂಗವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೆಣ್ಣುಮಗಳ ಮದುವೆಯ ಮಾತು, ಹೊಸ್ತಿಲಲ್ಲಿ ನಿಂತು ಆಡುವುದಲ್ಲ ಎಂದು ಅವನನ್ನು ಒಳಗೆ ಕರೆದಳು.

ವಿರೂಪಾಕ್ಷ ಕಂಪ್ಯೂಟರನ್ನೊಮ್ಮೆ ನೋಡಿದ. ಅತ್ತೆಯನ್ನೊಮ್ಮೆ ನೋಡಿದ.

"ಎವ್ವಾ, ನಿಮ್ಮ ಮನಿ ದೇವರು ಯಾವುದ್ರಿ?"

"ಗೊಡಚಿ ವೀರಭದ್ರ. ಯಾಕಪಾ?"

ಅವನು ಕುರ್ಚಿಯ ತುದಿಯಲ್ಲಿ ಕುಳಿತು ಏನೋ ಒತ್ತಿದ. ಒಮ್ಮೆ ತಪ್ಪಿತು. ಎರಡನೆಯ ಸಲಕ್ಕೆ ಪರದೆ ತೆರೆದುಕೊಂಡಿತು.

'ಸ್ವಾಗತ, ಶ್ರೀಶೈಲ.'

ದಾನೇಶ್ವರಿಯ ಮುಖಕ್ಕೆ ರಕ್ತ ನುಗ್ಗಿತು. ಅಪರಿಚಿತನೊಬ್ಬ ಅವಳ ಮನೆಯೊಳಗಿನ ಮನೆಯನ್ನು ಕಣ್ಣೆದುರೇ ತೆರೆದು ಕೂತಿದ್ದ.

"ತಪ್ಪು ತಿಳೀಬ್ಯಾಡ್ರಿ," ಎಂದು ಅವನು ತಕ್ಷಣ ಎದ್ದು ನಿಂತ. "ನಮ್ಮ ಕಡೆ ರಿಪೇರಿಗೆ ಬರೋ ಕಂಪ್ಯೂಟರದಾಗ ಅರ್ಧಕ್ಕ ಮನಿ ದೇವರ ಹೆಸರು ಇರತೈತಿ. ಉಳದದ್ದಕ್ಕ ಮಕ್ಕಳ ಹೆಸರು. ನಾ ತಗದಂಗ ಯಾರ ಬೇಕಾದರೂ ತಗೀಬಹುದು. ಅಷ್ಟ ತೋರಸಾಕ ಮಾಡಿದೆ."

ಅವನ ಕಣ್ಣಲ್ಲಿ ಈಗ ಸಿಟ್ಟಿರಲಿಲ್ಲ. ಭಯವಿತ್ತು. ತಂಗಿಯ ಮೇಲಿನ ಭಯ. ಅದನ್ನು ಕಂಡು ದಾನೇಶ್ವರಿಯ ಅವಮಾನ ಸ್ವಲ್ಪ ತಣ್ಣಗಾಯಿತು.

ಅಂದೇ ಅವನು ಕಂಪ್ಯೂಟರನ್ನು ಪೂರ್ತಿ ಜಾಲಾಡಿದ. ವೈರಸ್ ಇರಲಿಲ್ಲ. ಕದ್ದು ಕೂತ ಯಾವ ಪ್ರೋಗ್ರಾಮೂ ಇರಲಿಲ್ಲ. ಹಾಗಿದ್ದರೆ ಯಾರೋ ಪಾಸ್‌ವರ್ಡ್ ಊಹಿಸಿಯೇ ಒಳಗೆ ಬಂದಿರಬೇಕು, ಮೊದಲು ಅದನ್ನು ಬದಲಿಸೋಣ ಎಂದ.

ಸಿದ್ದಲಿಂಗವ್ವ ಅಡ್ಡ ಬಂದಳು. ಮನೆ ದೇವರ ಹೆಸರನ್ನು ಅಳಿಸಿ ಬೇರೆ ಹೆಸರು ಬರೆಯುವುದು ಅವಳಿಗೆ ಒಪ್ಪಿಗೆಯಿರಲಿಲ್ಲ. ಮಗ ಇಟ್ಟ ಹೆಸರದು, ವೀರಭದ್ರ ಕಾಯುತ್ತಿದ್ದಾನೆ, ಅವನನ್ನೇ ತೆಗೆದರೆ ಏನುಳಿಯಿತು ಎಂದು ವಾದಿಸಿದಳು.

ವಿರೂಪಾಕ್ಷ ನಗಲಿಲ್ಲ. "ಎವ್ವಾ, ಗೊಡಚಿ ಗುಡಿ ಬಾಗಲಕ್ಕೂ ಪೂಜಾರಿ ಕೀಲಿ ಹಾಕತಾನಲ್ರಿ. ದೇವರ ಮ್ಯಾಲ ನಂಬಿಕಿ ಇಲ್ಲಂತ ಹಾಕತಾನೇನು?"

ಮುದುಕಿ ಅವನನ್ನೊಮ್ಮೆ ನೋಡಿ, "ಮಾತಿನ ಮಲ್ಲ ಅದೀಯಪಾ," ಎಂದು ಚಹಾಕ್ಕಿಡಲು ಒಳಗೆ ಹೋದಳು.

ಹೊಸ ಪಾಸ್‌ವರ್ಡನ್ನು ಇಬ್ಬರೂ ಸೇರಿ ಮಾಡಿದರು. ಯಾರೂ ಊಹಿಸಲಾಗದಂಥದ್ದು. ಅದು ಗೊತ್ತಿದ್ದದ್ದು ಇಬ್ಬರಿಗೇ.

ಹೊರಡುವ ಮುನ್ನ ಅವನು ಪರದೆಯ ಮೂಲೆಯಲ್ಲಿದ್ದ ಪುಟ್ಟ ದುಂಡನೆ ಫೋಟೋದ ಕಡೆ ಬೆರಳು ತೋರಿಸಿದ. ಅದರಲ್ಲಿ ಶ್ರೀಶೈಲ ನಗುತ್ತಿದ್ದ.

ಕಂಪ್ಯೂಟರ್ ಕೆಟ್ಟರೂ ಫೋಟೋ ಉಳಿಯಲಿ ಎಂದು ಶ್ರೀಶೈಲ ಬದುಕಿದ್ದಾಗ ಒಂದು ವ್ಯವಸ್ಥೆ ಮಾಡಿದ್ದ. ಇಲ್ಲಿ ಮುಗಿಸಿ ಉಳಿಸಿದ ಪ್ರತಿಯೊಂದು ಫೋಟೋದ ಪ್ರತಿ, ಇಂಟರ್ನೆಟ್‌ನಲ್ಲಿದ್ದ ಅವನ ಅಕೌಂಟಿಗೆ ತಾನಾಗಿಯೇ ಹೋಗುತ್ತಿತ್ತು. ಅದಕ್ಕೆ ಬೇರೆಯೇ ಪಾಸ್‌ವರ್ಡ್.

"ಇದನ್ನೂ ಬದಲಿ ಮಾಡಬೇಕ್ರಿ. ಆದ್ರ ಇದು ನಿಮ್ಮ ಯಜಮಾನರದು... ನಾ ಮುಟ್ಟೂದಿಲ್ಲ. ನೀವ ಮಾಡ್ರಿ."

ಅದನ್ನು ಬದಲಿಸುವ ಜಾಗ, ಅಕೌಂಟು ಎಲ್ಲೆಲ್ಲಿ ತೆರೆದಿದೆ ಎಂದು ನೋಡುವ ಜಾಗ, ಎರಡನ್ನೂ ಬಾಯಲ್ಲೇ ಹೇಳಿಕೊಟ್ಟ. ದಾನೇಶ್ವರಿ ತಲೆಯಾಡಿಸಿದಳು.

ಅವನು ಹೋದ ಮೇಲೆ ಕೀಲಿಮಣೆಯ ಮೇಲೆ ಬೆರಳಿಟ್ಟು ಕುಳಿತಳು... ಆಗಲಿಲ್ಲ. ಮಗಳು ಮಧು ಹುಟ್ಟಿದ ದಿನ, ಆಸ್ಪತ್ರೆಯ ಮಂಚದ ಪಕ್ಕ ಬಾಗಿ, ಶ್ರೀಶೈಲ ಆ ಪಾಸ್‌ವರ್ಡನ್ನು ಅವಳ ಕಿವಿಯಲ್ಲಿ ಹೇಳಿದ್ದ. ಇಬ್ಬರಿಗೇ ಗೊತ್ತಿದ್ದ ಮಾತದು. ಈಗ ಅವಳೊಬ್ಬಳಿಗೆ.

'ಯಾರಿಗೂ ಗೊತ್ತಿಲ್ಲದ್ದನ್ನು ಯಾಕೆ ಬದಲಿಸಬೇಕು? ಅವನು ಕಿವಿಯಲ್ಲಿ ಹೇಳಿದ ಮಾತು... ಅಷ್ಟಾದರೂ ಉಳಿಯಲಿ.'

ಮರುದಿನ ವಿರೂಪಾಕ್ಷ ಫೋನ್ ಮಾಡಿ ಕೇಳಿದಾಗ, "ಮಾಡೇನ್ರಿ," ಎಂದುಬಿಟ್ಟಳು.

"ಹಂಗಾದ್ರ ಕೆಲಸ ಮುಂದುವರಸ್ರಿ. ಇನ್ನ ಯಾರೂ ಒಳಗ ಬರಂಗಿಲ್ಲ," ಎಂದ ಅವನು. ಆ ದನಿಯಲ್ಲಿದ್ದ ನಂಬಿಕೆ ಅವಳನ್ನು ಚುಚ್ಚಿತು. ಆದರೂ ಸುಮ್ಮನಾದಳು.

ಆ ವಾರ ಅವನು ಮತ್ತೆ ಬಂದ. ಮುರಗೋಡದಲ್ಲಿ ಕರೆಂಟು ಹೋಗಿ ಬರುವ ರಭಸಕ್ಕೆ ಕಂಪ್ಯೂಟರ್ ಸುಟ್ಟುಹೋಗದಿರಲಿ ಎಂದು ಒಂದು ಯುಪಿಎಸ್ ತಂದಿಟ್ಟ. ಹಳೆಯ ಆಲ್ಬಮ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿ, ಇದನ್ನು ಟ್ರಂಕಿನಲ್ಲಿಡಿ, ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟರೆ ಕಳ್ಳ ಎರಡನ್ನೂ ಒಯ್ಯುತ್ತಾನೆ ಎಂದ. ತಂತಿ ಜೋಡಿಸುತ್ತ, ಆ ಗೋಪುರದ ಸಾಲನ್ನು ಹೇಗೆ ಬಿಡಿಸಿದಿರಿ ಎಂದು ಕೇಳಿದ. ಅವಳು ಹೇಳುತ್ತಲೇ ಹೋದಳು. ಅವನು ಕೆಲಸ ನಿಲ್ಲಿಸಿ ಕೇಳುತ್ತಲೇ ಇದ್ದ. ತನ್ನ ಕೆಲಸದ ಬಗ್ಗೆ ಹೀಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು...

ತಂಗಿಯ ಮದುವೆಯಾಗಲಿ ಎಂದು ತನ್ನ ಮದುವೆಯನ್ನು ಮುಂದೆ ಹಾಕುತ್ತ ಬಂದವನು ಅವನು ಎಂದು ಸಿದ್ದಲಿಂಗವ್ವ ಮಾತಿನ ನಡುವೆ ಕೇಳಿ ತಿಳಿದುಕೊಂಡಳು.

ಇನ್ನೊಂದು ದಿನ, ಅವನ ಬೈಕಿನ ಸದ್ದು ಕೇಳಿದಾಗ ದಾನೇಶ್ವರಿಯ ಕೈ ತಾನಾಗಿಯೇ ಕೂದಲು ಸರಿಮಾಡಿಕೊಂಡಿತು. ಮಾಡಿಕೊಂಡದ್ದು ಅರಿವಾಗಿ ಎದೆ ಧಸಕ್ಕೆಂದಿತು. ಪರದೆಯ ಮೂಲೆಯಲ್ಲಿ ಶ್ರೀಶೈಲ ನಗುತ್ತಲೇ ಇದ್ದ. ಅಂದು ಅವಳು ಚಹಾವನ್ನು ಅತ್ತೆಯ ಕೈಯಲ್ಲಿ ಕಳಿಸಿದಳು. ತಾನು ಹೊರಗೆ ಬರಲಿಲ್ಲ.

ಅದರ ಮರುದಿನವೇ ಸಿಡಿಲು ಬಡಿಯಿತು.

ರಂಜನಾಳ ಇನ್ನೊಂದು ಫೋಟೋ. ಹಸಿರು ಸೀರೆಯದು. ಹಿಂದಿನ ಸಂಜೆಯಷ್ಟೇ ದಾನೇಶ್ವರಿ ಅದರ ಪುಟ ಮುಗಿಸಿದ್ದಳು. ಅದೂ ಗುಂಪುಗಳಲ್ಲಿ ತಿರುಗಿ ಸುಂದರವ್ವನನ್ನು ಮುಟ್ಟಿತ್ತು. ಸ್ಟುಡಿಯೋದವನು ಫೋನ್ ಮಾಡಿ, ಮನೋಳಿಯವರು ನನ್ನ ಅಂಗಡಿ ಮುಂದೆ ಬಂದು ಕೂತರೆ ನಾನೇನು ಹೇಳಲಿ, ಇನ್ನು ಮುಂದೆ ನಿನಗೆ ಕೆಲಸ ಕೊಡುವುದು ಕಷ್ಟ ಎಂದ.

ಹೊಸ ಪಾಸ್‌ವರ್ಡ್ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ತಾನು. ಇನ್ನೊಬ್ಬ...

'ತಂಗಿಯ ಮದುವೆ ಅವನಿಗೇ ಬೇಡವಾಗಿದೆಯೇ? ಅಥವಾ ಅವನ ಅಂಗಡಿಯಿಂದಲೇ ಏನಾದರೂ...? ನಾನು ಯಾರನ್ನು ಮನೆಯೊಳಗೆ ಬಿಟ್ಟುಕೊಂಡೆ?'

ಬಸ್ ಹಿಡಿದು ಬೈಲಹೊಂಗಲಕ್ಕೆ ಹೋದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳನ್ನು ಕಂಡು ವಿರೂಪಾಕ್ಷ ಎದ್ದು ಬಂದ. ಅವನ ಮುಖವೂ ಇಳಿದಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಆ ಪಾಸ್‌ವರ್ಡ್ ನಿಮ್ಮ ಹೊರತು ಯಾರಿಗೂ ಗೊತ್ತಿಲ್ಲ. ನೀವ ಹೇಳ್ರಿ, ಯಾರಿಗೆ ಕೊಟ್ರಿ?"

ಗಿರಾಕಿಗಳು ತಿರುಗಿ ನೋಡಿದರು.

"ನನ್ನ ತಂಗಿ ಮದುವಿ ನಾನ ಮುರೀತೇನಿ ಅಂತೀರೇನು?"

ಅವನು ಅವಳನ್ನು ಗಿರಾಕಿಗಳಿಂದ ದೂರ, ಅಂಗಡಿಯ ಮೂಲೆಗೆ ಕರೆದ.

"ಒಂದ ಕೇಳತೇನಿ," ಎಂದ ಅವನು, ದನಿ ತಗ್ಗಿಸಿ. "ನಿಮ್ಮ ಯಜಮಾನರ ಅಕೌಂಟಿನ ಪಾಸ್‌ವರ್ಡ್... ಖರೇನ ಬದಲಿ ಮಾಡಿದ್ರಿ?"

ಅವಳು ನೆಲ ನೋಡಿದಳು.

ಅಷ್ಟೇ ಸಾಕಾಯಿತು. ಅವನ ಕಣ್ಣಲ್ಲಿ ಏನೋ ಆರಿಹೋದದ್ದು ಅವಳಿಗೆ ಕಾಣಿಸಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

"ನೀವು ಮಾಡೇನಿ ಅಂದ್ರಿ. ನಾ ನಂಬಿ, ನನ್ನ ತಂಗಿ ಫೋಟೋ ಮತ್ತ ನಿಮ್ಮ ಕೈಯಾಗ ಇಟ್ಟೆ." ಇಷ್ಟೇ ಹೇಳಿ ಗಿರಾಕಿಯ ಕಡೆ ತಿರುಗಿದ.

ಮುರಗೋಡದ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಪಕ್ಕದ ಹೆಂಗಸು ಯಾಕವ್ವಾ ಅಳ್ತೀ ಎಂದು ಕೇಳಿದಾಗಲೇ, ತಾನು ಅಳುತ್ತಿರುವುದು ತಿಳಿದದ್ದು.

ಮನೆಗೆ ಬಂದವಳೇ ಕಂಪ್ಯೂಟರ್ ತೆರೆದಳು. ಶ್ರೀಶೈಲನ ಅಕೌಂಟಿನೊಳಗೆ ಹೋಗಿ, ವಿರೂಪಾಕ್ಷ ಅಂದು ಹೇಳಿಕೊಟ್ಟಿದ್ದ ಜಾಗ ಹುಡುಕಿದಳು. ಈ ಅಕೌಂಟು ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಪುಟ.

ಒಂದು, ಈ ಕಂಪ್ಯೂಟರ್.

ಇನ್ನೊಂದು... 'ಶ್ರೀಶೈಲನ ಫೋನ್. ರಾಮದುರ್ಗ. ಈಗ ಬಳಕೆಯಲ್ಲಿದೆ.'

ಮಣ್ಣು ಮಾಡಿ ಬಂದವನ ಫೋನು... ಈಗ, ಈ ಗಳಿಗೆಯಲ್ಲಿ ಯಾರದೋ ಕೈಯಲ್ಲಿ!

"ಅತ್ತೀ... ಅವರ ಫೋನ್ ಎಲ್ಲೈತಿ?"

ಸಿದ್ದಲಿಂಗವ್ವ ಕಾಳು ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು. ದಿನಕರ್ಮ ಮುಗಿದ ಮೇಲೆ ಅವನ ಅರಿವೆ, ಹಾಸಿಗೆ, ಕೊಡೆ, ಚಪ್ಪಲಿ ಎಲ್ಲವನ್ನೂ ಪದ್ಧತಿಯಂತೆ ಹಂಚಿರಲಿಲ್ಲವೇ? ನೀನು ಆಗ ಎಚ್ಚರ ತಪ್ಪಿದವಳ ಹಾಗೆ ಮಲಗಿದ್ದೆ. ಫೋನನ್ನು ಅವನ ಸೋದರಮಾವ ನಿಜಗುಣಪ್ಪನಿಗೆ ಕೊಟ್ಟೆ. ರಾಮದುರ್ಗದಲ್ಲಿ ಅವನೇ ಬಳಸುತ್ತಿದ್ದಾನೆ, ಒಳ್ಳೆಯ ಫೋನೆಂದು ಹೊಗಳುತ್ತಾನೆ.

ದಾನೇಶ್ವರಿ ಹಾಗೇ ಕುಸಿದು ಕುಳಿತಳು. ಊರಿಗೆಲ್ಲ ಕೇಳುವ ಹಾಗೆ ಬಾಗಿಲಿಗೆ ಕೀಲಿ ಜಡಿದಿದ್ದರು. ಆದರೆ ಒಬ್ಬರು ಮೊದಲೇ ಒಳಗೆ ಕುಳಿತಿದ್ದರು. ಒಳಗೇ ಇದ್ದವರಿಗೆ ಕೀಲಿ ಯಾಕೆ ಬೇಕು? ಅವಳು ಮುಚ್ಚಿಟ್ಟುಕೊಂಡ ಪಾಸ್‌ವರ್ಡನ್ನು ಯಾರೂ ಕದ್ದಿರಲಿಲ್ಲ. ಶ್ರೀಶೈಲ ತೆರೆದಿಟ್ಟ ಅಕೌಂಟು ಆ ಫೋನಿನಲ್ಲಿ ಹಾಗೇ ತೆರೆದಿತ್ತು, ಕದಿಯುವ ಅಗತ್ಯವೇ ಇರಲಿಲ್ಲ.

ಅವಳು ಫೋನ್ ಹಚ್ಚಿದಳು. ನಿಜಗುಣಪ್ಪ ಸಂತೋಷದಿಂದಲೇ ಮಾತಾಡಿದ.

"ಮಾಮಾ, ನಿಮ್ಮ ಫೋನಿನ್ಯಾಗ ಹುಡುಗ್ಯಾರ ಫೋಟೋ ಬರತಾವೇನ್ರಿ?"

"ಬರಾಕತ್ತಾವಲ್ಲವಾ, ನೀನ ಕಳಸಾಕತ್ತೀಯಲ್ಲ! ನನ್ನ ಸೊಸಿ ಎಂಥಾ ಪುಣ್ಯೇದ ಕೆಲಸ ಮಾಡಾಕತ್ತಾಳ ಅಂತ ಎಲ್ಲಾರ ಮುಂದ ಹೇಳತೇನಿ. ಜೋಡಿ ಫೋಟೋ ಬಂದ್ರ ಅದು ಆಗಿ ಹೋತು ಅಂತ ಬಿಡತೇನಿ. ಹುಡುಗಿ ಒಬ್ಬಾಕೀನ ಇದ್ರ, ವರ ಹುಡುಕಾಕ ಕಳಸ್ಯಾಳ ಅಂತ ತಿಳದು, ಮುಂದ ದಾಟಸ್ತೇನಿ. ಆ ಹಸರ ಸೀರಿ ಹುಡುಗಿಗೆ ಮೂರು ಕಡಿಂದ ಕೇಳಾಕತ್ತಾರ ನೋಡು."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಲ್ಬಮ್ಮಿನ ಮೊದಲ ಪುಟಗಳಲ್ಲಿ ಹುಡುಗಿಯದೊಂದೇ ಫೋಟೋ ಇಡುವುದು ರೂಢಿ. ಬೇರೆ ಆಲ್ಬಮ್‌ಗಳಲ್ಲಿ ಅವಳು ಜೋಡಿಯ ಪುಟಗಳನ್ನೇ ಮೊದಲು ಮಾಡುತ್ತಿದ್ದಳು, ರಂಜನಾಳದರಲ್ಲಿ ಅವನ್ನು ಇನ್ನೂ ಶುರು ಮಾಡಿರಲಿಲ್ಲ.

ನಡೆದದ್ದನ್ನು ಅವಳು ಬಿಡಿಸಿ ಹೇಳಿದಾಗ ನಿಜಗುಣಪ್ಪ ಸಣ್ಣ ದನಿಯಲ್ಲಿ ಕೇಳಿದ, "ನಾ ಒಂದ ಹೆಣ್ಣಿನ ಮದುವಿ ಮುರದ್ನೇನವಾ?"

"ಇನ್ನೂ ಮುರದಿಲ್ರಿ. ನಾಳೆ ಕಿತ್ತೂರಿಗೆ ಬರ್ರಿ."

ಆಮೇಲೆ ಅವಳು ಪರದೆಯ ಕಡೆ ತಿರುಗಿದಳು. ಹೊಸ ಅಕೌಂಟು ತೆರೆದು, ಅದಕ್ಕೆ ತನ್ನದೇ ಹೆಸರಿಟ್ಟು, ಕೆಲಸದ ಫೋಟೋಗಳನ್ನೆಲ್ಲ ಅದಕ್ಕೆ ಸೇರಿಸಿದಳು. ಶ್ರೀಶೈಲನ ಅಕೌಂಟಿನ ಪಾಸ್‌ವರ್ಡ್ ಬದಲಿಸಿದಳು. ಕೊನೆಗೆ ಉಳಿದದ್ದು ಎರಡು ಸಣ್ಣ ಪ್ರಶ್ನೆ. ಆ ಫೋನನ್ನು ಹೊರಗೆ ಕಳಿಸಬೇಕೇ? ಈ ಕಂಪ್ಯೂಟರಿನಿಂದಲೂ ಈ ಹೆಸರನ್ನು ತೆಗೆಯಬೇಕೇ?

ಮೊದಲನೆಯದನ್ನು ಒತ್ತಿದಳು. ಎರಡನೆಯದಕ್ಕೆ ಬೆರಳು ಏಳಲಿಲ್ಲ.

ಸಿದ್ದಲಿಂಗವ್ವ ಬಂದು ಪಕ್ಕದಲ್ಲಿ ನಿಂತಳು. ಮಗನ ನಗುಮುಖವನ್ನು ತುಂಬ ಹೊತ್ತು ನೋಡಿದಳು.

"ಅವನ ಅರಿವಿ, ಹಾಸಿಗಿ ಎಲ್ಲಾ ಕೊಟ್ಟಬಿಟ್ಟೇವಿ. ಇದೊಂದು ಉಳದಿತ್ತು," ಎಂದಳು. "ಕಳಸವಾ. ನಾ ಇಲ್ಲೇ ನಿಂತೇನಿ."

ದಾನೇಶ್ವರಿ ಒತ್ತಿದಳು. ದುಂಡನೆ ಫೋಟೋ ಇದ್ದ ಜಾಗ ಖಾಲಿಯಾಯಿತು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಶ್ರೀಶೈಲ ಸತ್ತ ದಿನ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಅತ್ತಿದ್ದರು.

ಮರುದಿನ ಕಿತ್ತೂರಿನ ಮನೆಯ ಪಡಸಾಲೆಯಲ್ಲಿ ವಿರೂಪಾಕ್ಷ ಮತ್ತು ಅವನ ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಕೊನೆಯ ಸಲ ಕೇಳಿಕೊಳ್ಳಲು ಬಂದಿದ್ದರು. ಸುಂದರವ್ವನ ಮುಖ ಬಿಗಿದಿತ್ತು. ಆಗ ಬಾಗಿಲಲ್ಲಿ ದಾನೇಶ್ವರಿ, ಸಿದ್ದಲಿಂಗವ್ವ, ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದ ನಿಜಗುಣಪ್ಪ ಕಾಣಿಸಿಕೊಂಡರು.

ವಿರೂಪಾಕ್ಷ ಅವಳನ್ನು ನೋಡಿ ಮುಖ ತಿರುಗಿಸಿದ.

ಅವಳು ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಗಂಡನ ಫೋನು, ಅವನ ಸೋದರಮಾವನ ಕೈ, ತಾನಾಗಿ ಹರಿದ ಫೋಟೋಗಳು. ನಿಜಗುಣಪ್ಪ ಫೋನನ್ನು ಸುಂದರವ್ವನ ಮುಂದಿಟ್ಟು, ತಾನು ಕಳಿಸಿದ್ದನ್ನೆಲ್ಲ ತೋರಿಸಿ, ನನ್ನನ್ನು ಬೈಯಿರಿ, ಆದರೆ ಆ ಹುಡುಗಿಗೆ ಏನೂ ಅನ್ನಬೇಡಿ ಎಂದು ಕೈಮುಗಿದ.

ಸುಂದರವ್ವ ದಾನೇಶ್ವರಿಯನ್ನು ಅಳೆದು ನೋಡಿದಳು. "ಇದನ್ನ ಹೇಳಿದ್ರ ನಾಳೆ ಯಾರೂ ನಿನಗ ಫೋಟೋ ಕೊಡಂಗಿಲ್ಲ. ಗೊತ್ತೈತೇನು?"

"ಗೊತ್ತೈತ್ರಿ. ಆದ್ರ ಹುಡುಗೀದು ಏನೂ ತಪ್ಪಿಲ್ಲ, ಅವರ ಮನಿಯವರದೂ ಇಲ್ಲ. ಆ ಪಾಸ್‌ವರ್ಡ್ ಬದಲಿ ಮಾಡ್ರಿ ಅಂತ ಅವರಣ್ಣ ಮೊದಲ ಹೇಳಿದ್ರು. ಮಾಡೇನಿ ಅಂತ ಸುಳ್ಳ ಹೇಳಿದಾಕಿ ನಾನು. ಅದು ನನ್ನ ಗಂಡ ಇಟ್ಟದ್ದು. ಅಳಸಾಕ ಮನಸ ಬರಲಿಲ್ರಿ."

ಸುಂದರವ್ವ ಫೋನನ್ನು ತಿರುವಿ ತಿರುವಿ ನೋಡಿದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಅವಳೂ ಗಂಡನನ್ನು ಕಳೆದುಕೊಂಡವಳೆಂದು ದಾನೇಶ್ವರಿಗೆ ಬರಿಯ ಹಣೆ ಕಂಡು ಆಗ ತಿಳಿಯಿತು.

"ಹತ್ತು ವರ್ಷ ಆತು, ಅವರ ಕೋಟು ಇನ್ನೂ ಗ್ವಾಡೀಗೆ ತೂಗಹಾಕೇನಿ," ಎಂದಳು ಸುಂದರವ್ವ, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ದನಿ ಸರಿಪಡಿಸಿಕೊಂಡು ನಿಜಗುಣಪ್ಪನ ಕಡೆ ತಿರುಗಿದಳು. "ಇಷ್ಟ ಚಂದ ವರ ಹುಡುಕತೀರಿ ಅಂದ್ರ ನಮ್ಮ ಸಣ್ಣ ಮಗಗೂ ಒಂದ ಕನ್ಯಾ ನೋಡ್ರಿ. ಆದ್ರ ನಿಶ್ಚಯ ಆಗಿರದ ಕನ್ಯಾ ನೋಡ್ರಿ ಮತ್ತ."

ವಿರೂಪಾಕ್ಷನ ತಂದೆ ಟವೆಲಿನಿಂದ ಕಣ್ಣೊರೆಸಿಕೊಂಡರು. ಜವಳಿಯ ದಿನ ಅಲ್ಲೇ ನಿಗದಿಯಾಯಿತು. ರಂಜನಾಳ ಆಲ್ಬಮ್ಮನ್ನು ದಾನೇಶ್ವರಿಯೇ ಮುಗಿಸಬೇಕು ಎಂದು ಸುಂದರವ್ವನೇ ಹೇಳಿದಳು.

ಹೊರಡುವಾಗ ದಾನೇಶ್ವರಿ ಒಮ್ಮೆ ಹಿಂದಿರುಗಿ ನೋಡಿದಳು. ವಿರೂಪಾಕ್ಷ ಅವಳನ್ನೇ ನೋಡುತ್ತಿದ್ದ.

ಆಮೇಲೆ ದಿನಗಳು ಉರುಳಿದವು. ಅವನ ಬೈಕಿನ ಸದ್ದು ಬರಲಿಲ್ಲ. 'ಗಿರಾಕಿಗಳ ಮುಂದೆ ಹಾಗಂದವಳ ಮನೆಗೆ ಯಾಕೆ ಬರುತ್ತಾನೆ?' ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ಆದರೂ ಓಣಿಯಲ್ಲಿ ಯಾವ ಗಾಡಿ ಬಂದರೂ ಕೈ ನಿಲ್ಲುತ್ತಿತ್ತು.

ಜವಳಿ ತೆಗೆದ ಮರುದಿನ ಇಳಿಹೊತ್ತಿನಲ್ಲಿ ಅವನು ಬಂದ. ಹೆಗಲಲ್ಲಿ ರಿಪೇರಿಯ ಚೀಲ ಇರಲಿಲ್ಲ.

"ಇವತ್ತ ಏನ ಕೆಟ್ಟೈತಂತ ಬಂದೀಯಪಾ?" ಎಂದಳು ಸಿದ್ದಲಿಂಗವ್ವ.

"ಏನೂ ಕೆಟ್ಟಿಲ್ರಿ ಎವ್ವಾ. ಸುಮ್ನ ಬಂದೇನಿ."

ಮುದುಕಿ ಅವನನ್ನೂ ಸೊಸೆಯನ್ನೂ ನೋಡಿ ಅಡುಗೆಮನೆಗೆ ಹೋದಳು. ಆದರೆ ಅಲ್ಲಿ ಪಾತ್ರೆಯ ಸದ್ದು ಕೇಳಿಸಲಿಲ್ಲ. ಮಧು ಸಾಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕುಳಿತಿದ್ದಳು.

ಅಂದು ಅಂಗಡಿಯಲ್ಲಿ ಆಡಿದ ಮಾತಿಗೆ ದಾನೇಶ್ವರಿ ಕ್ಷಮೆ ಕೇಳಿದಳು. ನಾನೂ ಮೊದಲ ದಿನ ಹೊಸ್ತಿಲಲ್ಲಿ ನಿಂತು ಹಾಗೇ ಕೇಳಿದ್ದೆನಲ್ಲ, ಲೆಕ್ಕ ಸರಿಹೋಯಿತು ಎಂದ ಅವನು. ಇಬ್ಬರೂ ನಕ್ಕರು.

ಮುಗಿದ ಆಲ್ಬಮ್ ತೋರಿಸುತ್ತೇನೆಂದು ಅವಳು ಕಂಪ್ಯೂಟರ್ ಹಚ್ಚಿದಳು. 'ಸ್ವಾಗತ, ದಾನೇಶ್ವರಿ.' ಅವಳು ಪಾಸ್‌ವರ್ಡ್ ಒತ್ತಲು ಬೆರಳಿಟ್ಟಾಗ, ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಅವಳ ಬೆರಳು ನಿಂತಿತು.

"ನೋಡಿದ್ರೂ ನಡೀತಿತ್ರಿ..." ಎಂದಳು ಮೆಲ್ಲಗೆ.

"ಬ್ಯಾಡ್ರಿ. ಅದು ನಿಮ್ದ ಇರಲಿ." ಅವನು ಇನ್ನೂ ಕಿಟಕಿಯ ಕಡೆಯೇ ನೋಡುತ್ತಿದ್ದ. "ನಮ್ಮ ಮದುವಿ ಆದಮ್ಯಾಲೂ ನಿಮ್ದ ಇರಲಿ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ಅರಿವಾಯಿತು. ಕಿವಿ ಕೆಂಪಾದವು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ದಾನೇಶ್ವರಿಯ ಕಣ್ಣ ಮುಂದೆ ಕೀಲಿಮಣೆಯ ಅಕ್ಷರಗಳೆಲ್ಲ ಕದಡಿಹೋದವು.

"ಅವರ ಫೋಟೋ ಗ್ವಾಡಿ ಮ್ಯಾಲ ಇರತೈತ್ರಿ," ಎಂದಳು.

"ಇರಬೇಕು. ತಗೀರಿ ಅಂದ್ರ ನಾ ಬರೂದ ಇಲ್ಲ."

ಈಗ ಅವನು ತಿರುಗಿದ. ಅವಳು ಮುಖ ಎತ್ತಿದಳು. ಬಾಯಿಂದ ಹೌದೆಂದು ಹೇಳುವುದು ಉಳಿದಿರಲಿಲ್ಲ.

ಅಡುಗೆಮನೆಯಿಂದ ಸಿದ್ದಲಿಂಗವ್ವನ ದನಿ ಬಂತು. "ಉಡಿಕಿ ಮದುವಿ ನಮ್ಮ ಮಂದ್ಯಾಗ ಹೊಸಾದೇನಲ್ಲ. ನಮ್ಮವ್ವಂದೂ ಎರಡನೇ ಸಂಬಂಧನ. ಆದ್ರ ಒಂದ ಮಾತು, ನಾ ನನ್ನ ಸೊಸೀನ ಬಿಟ್ಟ ಇರಾಂಗಿಲ್ಲ. ಕರಕೊಂಡ ಹೋಗೂದಿದ್ರ ಮೂರೂ ಮಂದೀನ ಕರಕೊಂಡ ಹೋಗಬೇಕು."

"ಅದನ್ನ ಕೇಳಾಕನ ಬಂದಿದ್ನಿ ಎವ್ವಾ," ಎಂದ ವಿರೂಪಾಕ್ಷ.

ಇಷ್ಟು ಹೊತ್ತು ಮಧು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಎರಡು ಸಲ ಬಾಯಿ ತೆರೆದು ಮುಚ್ಚಿದ್ದಳು. ಮಗಳ ಮನಸ್ಸಿನಲ್ಲಿ ಏನಿದೆಯೋ ಎಂದು ದಾನೇಶ್ವರಿಗೆ ಅಳುಕಾಯಿತು. ಅಪ್ಪನನ್ನು ಕೇಳಿಬಿಟ್ಟರೆ? ಬೇಡ ಎಂದು ಅತ್ತುಬಿಟ್ಟರೆ?

ಮಗು ಚೀಲವನ್ನು ಪಕ್ಕಕ್ಕಿಟ್ಟು ಎದ್ದಳು. ಅವ್ವನ ಹತ್ತಿರ ಹೋಗಲಿಲ್ಲ. ನೇರವಾಗಿ ವಿರೂಪಾಕ್ಷನ ಮುಂದೆ ಹೋಗಿ ನಿಂತಳು. ಅವನು ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕುಳಿತ.

"ಕಾಕಾ ಅಂದ್ರ ಹೊರಗಿನವರಿಗೂ ಅಂತೇವಿ," ಎಂದಳು ಮಧು, ಬಹಳ ದಿನದಿಂದ ಯೋಚಿಸಿಟ್ಟವಳಂತೆ. "ಹಂಗಾರ... ನಿಮಗ ನಾ ಏನಂತ ಕರೀಲ್ರಿ?"